ಶಾಲೆ ನೋಡಲು ಹೋದಾಗ ಕೊನೆಯ ಬೆಂಚನ್ನೂ ನೋಡಿ

"ಮೇಡಂ, ಒಂದು ಒಳ್ಳೆ ಶಾಲೆ ಹೇಳಿ." ಅಡ್ಮಿಷನ್ ಸಮಯ ಬಂತೆಂದರೆ ನನ್ನ ಬಳಿ ಬರುವ ಅಪ್ಪ ಅಮ್ಮಂದಿರೆಲ್ಲ ಕೇಳುವುದು ಇದನ್ನೇ. ನಾನು ವಿಶೇಷ ಶಿಕ್ಷಕಿ. ಓದಿನಲ್ಲಿ, ಮಾತಿನಲ್ಲಿ, ಗಮನ ಕೊಡುವುದರಲ್ಲಿ ತೊಂದರೆ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಮೊದಮೊದಲು ನಾನೂ ಗಾಲಿಕುರ್ಚಿ ಹತ್ತುವ ಇಳಿಜಾರು, ಅಂದರೆ ರ‍್ಯಾಂಪ್ ಇದೆಯಾ, ಥೆರಪಿ ಕೋಣೆ ಇದೆಯಾ ಅಂತ ನೋಡಿ ಶಾಲೆಯ ಹೆಸರು ಹೇಳಿಬಿಡುತ್ತಿದ್ದೆ. ಒಂದು ತರಗತಿಯಲ್ಲಿ ಕೂತು ಬಂದ ಮೇಲೆ ಅದನ್ನು ನಿಲ್ಲಿಸಿದೆ.

ಎರಡನೇ ಕ್ಲಾಸು. ಕಳೆಯುವ ಲೆಕ್ಕ ನಡೆಯುತ್ತಿತ್ತು. ಕೊನೆಯ ಬೆಂಚಿನ ಮೂಲೆಯಲ್ಲಿ ಬೇರೆಯವರ ಜೊತೆ ಮಾತು, ಒಡನಾಟ ಕಷ್ಟವಾಗುವ ಆಟಿಸಂ ಇರುವ ಒಬ್ಬ ಹುಡುಗ, ಪಕ್ಕದಲ್ಲಿ ಅವನಿಗೆಂದೇ ನೇಮಿಸಿದ ಶ್ಯಾಡೋ ಟೀಚರ್. ಉಳಿದವರೆಲ್ಲ ಕಡ್ಡಿ ಎಣಿಸುತ್ತಿದ್ದರೆ ಅವನ ಮುಂದೆ ಬಣ್ಣ ತುಂಬುವ ಹಾಳೆ. ಇಡೀ ಪೀರಿಯಡ್ಡಿನಲ್ಲಿ ಕ್ಲಾಸ್ ಟೀಚರ್ ಅವನ ಹೆಸರನ್ನು ಒಮ್ಮೆಯೂ ಕರೆಯಲಿಲ್ಲ. ಮುಂದಿನ ಬೆಂಚಿನ ಹುಡುಗಿ ತಿರುಗಿ ಶ್ಯಾಡೋ ಟೀಚರನ್ನು ಕೇಳಿದಳು, "ಮಿಸ್, ಇವನಿಗೆ ರಬ್ಬರ್ ಬೇಕಾ?" ಅವನನ್ನೇ ಕೇಳಬಹುದು ಅಂತ ಆ ಮಗುವಿಗೆ ಹೊಳೆಯಲೇ ಇಲ್ಲ. ಹುಡುಗ ಪಕ್ಕದವರ ಕಡ್ಡಿಗಳನ್ನೇ ನೋಡುತ್ತಿದ್ದ. ನನ್ನ ಬಳಿ ಅವನು ಕಡ್ಡಿ ಇಟ್ಟುಕೊಂಡು ಹತ್ತರೊಳಗಿನ ಲೆಕ್ಕವನ್ನು ಸಲೀಸಾಗಿ ಮಾಡುತ್ತಿದ್ದ. ಇಲ್ಲಿ ಕೋಣೆಯ ಒಳಗಿದ್ದ, ಪಾಠದ ಹೊರಗಿದ್ದ. ಅವತ್ತು ನನಗೆ ತುಂಬಾ ಸಂಕಟವಾಯಿತು, ಯಾಕೆಂದರೆ ಆ ಶಾಲೆಯನ್ನು ಸೂಚಿಸಿದವಳು ನಾನೇ.

ಅಡ್ಮಿಷನ್ ಕೊಡುವುದೇ ಬೇರೆ, ಜೊತೆಯಲ್ಲಿ ಕಲಿಸುವುದೇ ಬೇರೆ. 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಮಕ್ಕಳು ಸಾಮಾನ್ಯ ಶಾಲೆಯಲ್ಲೇ ಒಟ್ಟಿಗೆ ಕಲಿಯಬೇಕು, ಅದಕ್ಕಾಗಿ ಶಾಲೆಯೇ ಬದಲಾಗಬೇಕು ಅಂತ ಹೇಳಿದರು. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯಲ್ಲಿ ಇದು ಹಕ್ಕಾಯಿತು. ಒಂದೊಂದು ಮಗುವಿನ ಅಗತ್ಯ ನೋಡಿ ಹೊಂದಾಣಿಕೆ ಮಾಡಿಕೊಡಬೇಕು ಅನ್ನುವುದೂ ಅದರಲ್ಲಿದೆ.

ಹೊಂದಾಣಿಕೆ ಅಂದ ಕೂಡಲೇ ದೊಡ್ಡ ಖರ್ಚು ಅಂತ ಶಾಲೆಯವರು ಹೆದರುತ್ತಾರೆ. ಎಷ್ಟೋ ಸಲ ಅದಕ್ಕೆ ದುಡ್ಡೇ ಬೇಕಿಲ್ಲ. ಹಿಯರಿಂಗ್ ಏಡ್ ಹಾಕಿದ ಮಗು ಟೀಚರಿನ ತುಟಿಯನ್ನೂ ನೋಡಿ ಮಾತು ಹಿಡಿಯುತ್ತದೆ. ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳಿದರೆ ಅದಕ್ಕೆ ಅರ್ಧ ಪಾಠ ಹೋಯಿತು. ಫ್ಯಾನು, ಬೆಂಚು ಎಳೆಯುವ ಸದ್ದು, ಪಕ್ಕದವರ ಗುಸುಗುಸು ಎಲ್ಲವನ್ನೂ ಆ ಯಂತ್ರ ಜೋರು ಮಾಡುತ್ತದೆ. ತಿರುಗಿ ನಿಂತು ಮಾತಾಡಿದರೆ ಎಷ್ಟೋ ಅನುಕೂಲ. ಓದಿ ಬರೆಯುವುದು ಕಷ್ಟವಾಗುವ ಡಿಸ್ಲೆಕ್ಸಿಯಾ ಇರುವ ಮಗು ಬೋರ್ಡಿನಿಂದ ನಕಲು ಮಾಡುವುದರಲ್ಲೇ ಸುಸ್ತಾಗುತ್ತದೆ. ಬರೆದ ಹಾಳೆಯನ್ನೇ ಕೈಗೆ ಕೊಟ್ಟು, ಉತ್ತರವನ್ನು ಬಾಯಲ್ಲಿ ಹೇಳಿಸಿದರೆ ಅದಕ್ಕೆ ಏನೆಲ್ಲ ಗೊತ್ತಿದೆ ಅಂತ ಆಗ ತಿಳಿಯುತ್ತದೆ.

ರ‍್ಯಾಂಪ್ ಮಾತ್ರ ಕಣ್ಣಿಟ್ಟು ನೋಡಿ. ಒಂದು ಅಡಿ ಎತ್ತರಕ್ಕೆ 12 ಅಡಿಯಾದರೂ ಉದ್ದ ಇರಬೇಕು. ಅದಕ್ಕಿಂತ ಕಡಿದಾಗಿದ್ದರೆ ಗಾಲಿಕುರ್ಚಿಯನ್ನು ಎಷ್ಟೋ ಸಲ ಯಾರಾದರೂ ಹಿಂದಿನಿಂದ ತಳ್ಳಬೇಕಾಗುತ್ತದೆ. ಶೌಚಾಲಯದ ಬಾಗಿಲಿನ ಅಗಲವನ್ನೂ ನೋಡಿ. ಅದು ಸಾಲದಿದ್ದರೆ ಮಗು ಇಡೀ ದಿನ ನೀರು ಕುಡಿಯದೆ ಕೂರುತ್ತದೆ. ಇಂಥ ಮಕ್ಕಳನ್ನು ನಾನು ಕಂಡಿದ್ದೇನೆ.

ಇನ್ನೊಂದು ಶಾಲೆಯಲ್ಲಿ ನೋಡಿದ್ದನ್ನು ಹೇಳಲೇಬೇಕು. ಥೆರಪಿ ಕೋಣೆ ಗೀಣೆ ಏನೂ ಇಲ್ಲ. ಆದರೆ ಬೋರ್ಡಿನ ಪಕ್ಕ ಅವತ್ತಿನ ಕೆಲಸಗಳ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು. ಪ್ರಾರ್ಥನೆ, ಓದು, ಆಟ, ಲೆಕ್ಕ, ಮನೆ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ ಹುಡುಗನಿಗಾಗಿ ಮಾಡಿದ ಏರ್ಪಾಡು ಅದು. ಗಂಟೆಗೆ ಎರಡು ನಿಮಿಷ ಮುಂಚೆ ಟೀಚರ್ ಆಟದ ಚಿತ್ರ ಮುಟ್ಟಿ, "ಈಗ ಗಂಟೆ ಹೊಡೆಯುತ್ತೆ ಕಂದಾ" ಅಂದರು. ಅವನು ತಾನಾಗೇ ಕಿವಿ ಮುಚ್ಚಿಕೊಂಡ, ಗಂಟೆ ಹೊಡೆಯಿತು, ಕೈ ತೆಗೆದ. ಅಷ್ಟೇ. ಉಳಿದ ಮಕ್ಕಳೂ ಆ ಚಿತ್ರಗಳನ್ನು ನೋಡಿಯೇ ಪುಸ್ತಕ ಎತ್ತಿಡುತ್ತಿದ್ದರು.

"ನಮ್ಮ ಮಗುವಿಗೆ ಏನೂ ತೊಂದರೆ ಇಲ್ಲವಲ್ಲ, ನಮಗ್ಯಾಕೆ ಇದು?" ಅಂತ ನಿಮಗೆ ಅನ್ನಿಸಬಹುದು. ಡಿಸ್ಲೆಕ್ಸಿಯಾ ಸಾಮಾನ್ಯವಾಗಿ ಗೊತ್ತಾಗುವುದು ಓದಲು ಶುರು ಮಾಡಿದ ಮೇಲೆ, ಅಂದರೆ ಶಾಲೆಗೆ ಸೇರಿಸಿ ವರ್ಷ ಎರಡು ವರ್ಷ ಕಳೆದ ಮೇಲೆ. ಕಿವಿಯ ತಮಟೆಯ ಹಿಂದೆ ದ್ರವ ತುಂಬಿ ಕೆಲವು ತಿಂಗಳು ಸರಿಯಾಗಿ ಕೇಳಿಸದೆ ಇರುವುದು ಸಣ್ಣ ಮಕ್ಕಳಲ್ಲಿ ತೀರಾ ಸಾಮಾನ್ಯ. ಅಡ್ಮಿಷನ್ ದಿನ ಯಾರ ಮಗುವಿಗೆ ಮುಂದೆ ಏನು ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿರುತ್ತೆ? ಹಾಗಾಗಿ ಕೊನೆಯ ಬೆಂಚನ್ನು ನೀವೂ ನೋಡಿ ಬನ್ನಿ.

"ಸ್ಪೆಷಲ್ ಮಕ್ಕಳನ್ನು ತಗೋತೀರಾ?" ಅಂತ ಮಾತ್ರ ಕೇಳಬೇಡಿ. ಹೌದು ಅಂತ ಹೇಳುವುದು ಸುಲಭ. "ಹೋದ ವರ್ಷ ಅಂಥ ಒಂದು ಮಗುವಿಗಾಗಿ ಏನು ಬದಲಾಯಿಸಿದಿರಿ?" ಅಂತ ಕೇಳಿ. ಕೂರುವ ಜಾಗ ಬದಲಿಸಿದೆವು, ಪ್ರಶ್ನೆ ಪತ್ರಿಕೆಯ ಅಕ್ಷರ ದೊಡ್ಡದು ಮಾಡಿದೆವು ಅಂತ ಬಿಡಿಸಿ ಹೇಳಿದರೆ ನಂಬಬಹುದು. "ನಮ್ಮಲ್ಲಿ ಎಲ್ಲರೂ ಒಂದೇ" ಅಂದರೆ ನನಗೆ ಅನುಮಾನ. ನಿಧಾನವಾಗಿ ಓದುವ ಮಗುವಿಗೂ ಎಲ್ಲರಷ್ಟೇ ಸಮಯ ಕೊಟ್ಟರೆ ಅದು ಸಮಾನತೆ ಹೇಗಾಗುತ್ತದೆ?

ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯೊಂದೇ ದಾರಿ ಅಂತಲೂ ನಾನು ಹೇಳುವುದಿಲ್ಲ. ಸನ್ನೆ ಭಾಷೆಯಲ್ಲಿ ಬೆಳೆಯುತ್ತಿರುವ ಕಿವುಡ ಮಗುವಿಗೆ ಆ ಭಾಷೆಯಲ್ಲಿ ಮಾತಾಡುವ ಗೆಳೆಯರು, ಟೀಚರು ಬೇಕೇ ಬೇಕು. ಅದು ಸಾಮಾನ್ಯ ಶಾಲೆಯಲ್ಲಿ ಸಿಗದಿದ್ದರೆ ಕಿವುಡ ಮಕ್ಕಳ ಶಾಲೆಯೇ ಮೇಲು.

ಮಗುವಿನ ತೊಂದರೆ ಬಗ್ಗೆ ತಪಾಸಣೆಯ ರಿಪೋರ್ಟ್ ಇದ್ದರೆ ಅದನ್ನು ಮಾತ್ರ ಶಾಲೆಯವರಿಂದ ಬಚ್ಚಿಡಬೇಡಿ. ಸೀಟು ತಪ್ಪುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ ವಿಷಯ ಗೊತ್ತಿಲ್ಲದ ಟೀಚರು ಮಗುವಿನ ಕಷ್ಟವನ್ನು ಹಟ, ಸೋಮಾರಿತನ ಅಂದುಕೊಳ್ಳುತ್ತಾರೆ. ರಿಪೋರ್ಟಿನ ಜೊತೆ ನೀವೇ ಒಂದು ಪುಟ ಬರೆದುಕೊಡಿ. ಮಗುವಿಗೆ ಏನು ಇಷ್ಟ, ಯಾವುದರಿಂದ ಗಾಬರಿ, ಅತ್ತಾಗ ಏನು ಮಾಡಿದರೆ ಸಮಾಧಾನ. ಟೀಚರುಗಳು ದಪ್ಪ ಫೈಲಿಗಿಂತ ಆ ಪುಟವನ್ನೇ ಜಾಸ್ತಿ ಓದುತ್ತಾರೆ.

ಸೇರಿಸಿದ ಮೇಲೆ, ಸಂಜೆ ಬಂದ ಮಗುವನ್ನು "ಏನು ಕಲಿತೆ?" ಅನ್ನುವುದಕ್ಕಿಂತ ಮೊದಲು "ಇವತ್ತು ಯಾರ ಜೊತೆ ಆಡಿದೆ?" ಅಂತ ಕೇಳಿ. ಮಾತು ಬಾರದ ಮಗುವಾದರೆ ತರಗತಿಯ ಫೋಟೋ ಮುಂದಿಟ್ಟು ತೋರಿಸಲು ಹೇಳಿ. ಎರಡು ವಾರವಾದರೂ ಒಂದು ಹೆಸರು ಬರದಿದ್ದರೆ, ಮುಂದಿನ ಪೇರೆಂಟ್ಸ್ ಮೀಟಿಂಗ್‌ವರೆಗೆ ಕಾಯದೆ ಮಾರನೇ ದಿನವೇ ಕ್ಲಾಸ್ ಟೀಚರನ್ನು ಹೋಗಿ ಕಾಣಿ.