ಆಲೂಗೆಡ್ಡೆ ನೀರಿನ ವಾಸನೆ ಮತ್ತು ಮಾಲ್ಟೋಸ್ ಮುಟ್ಟದ ಯೀಸ್ಟ್

ಮಂಡ್ಯದ ಬಳಿ ಆಲೆಮನೆ ನಡೆಸುವ ನಮ್ಮ ಭಾವ ವೈದ್ಯರ ಮಾತಿಗೆ ಕಟ್ಟುಬಿದ್ದು ಬಿಯರ್ ಬಿಟ್ಟ ಮೇಲೆ, ಮೈಸೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಮದ್ಯಸಾರವಿಲ್ಲದ ಬಿಯರುಗಳನ್ನು ತಂದು ರುಚಿ ನೋಡುವುದು ನಮ್ಮಿಬ್ಬರಿಗೂ ರೂಢಿಯಾಗಿದೆ. ಮೊದಲ ಸಲ ಅವರು ಲೋಟವನ್ನು ಮೂಗಿನ ಹತ್ತಿರ ಹಿಡಿದವರೇ, "ಇದೇನ್ ಭಾವ, ಆಲೂಗೆಡ್ಡೆ ಬೇಯ್ಸಿ ಬಸಿದ ನೀರು ಇದ್ದಂಗದಲ್ಲ!" ಎಂದು ಪಕ್ಕಕ್ಕಿಟ್ಟರು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಹದವನ್ನು ವಾಸನೆಯಿಂದಲೇ ಹೇಳಬಲ್ಲ ಆ ಮೂಗು ತಪ್ಪಿರಲಿಲ್ಲ. ಬೆಂದ ಆಲೂಗೆಡ್ಡೆಗೆ ಅದರ ವಾಸನೆಯನ್ನು ಕೊಡುವ ಮೆಥಿಯೊನಲ್ ಎಂಬ ಆಲ್ಡಿಹೈಡ್ (ವಾಸನೆಯ ಸಂಯುಕ್ತಗಳ ಒಂದು ಬಗೆ) ಇಂಥ ಬಿಯರಿನಲ್ಲಿಯೂ ಇರುತ್ತದೆ.

ಮದ್ಯಸಾರ ತೆಗೆದ ಮೇಲೆ ರುಚಿ ಉಳಿಯುವುದಾದರೂ ಹೇಗೆ ಎಂದು ಕೇಳುವವರೇ ಹೆಚ್ಚು, ಮತ್ತು ಇದರಲ್ಲಿ ಅರ್ಧ ಸತ್ಯವಿದೆ. ಮದ್ಯಸಾರಕ್ಕೆ, ಎಂದರೆ ಎಥೆನಾಲ್‌ಗೆ, ತುಸು ಸಿಹಿಯಿದೆ. ಮೆಣಸಿನಕಾಯಿಯ ಖಾರವನ್ನು ಗ್ರಹಿಸುವ ಗ್ರಾಹಕವನ್ನೇ ಅದೂ ಕೆಣಕುವುದರಿಂದ ಗಂಟಲಿಗೆ ಬೆಚ್ಚನೆಯ ಅನುಭವ ಬರುತ್ತದೆ. ಆದರೆ ಕಳಪೆ ಬಿಯರಿನ ದೋಷ ಇರಬೇಕಾದದ್ದು ಇಲ್ಲದಿರುವುದಕ್ಕಿಂತ, ಇರಬಾರದ್ದು ಉಳಿದುಬಿಟ್ಟಿರುವುದು.

ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುವಂತೆಯೇ ಬಾರ್ಲಿಯನ್ನೂ ಮಾಲ್ಟ್ ಮಾಡುತ್ತಾರೆ. ಕಾಳಿನ ಕಿಣ್ವಗಳು ಬಿಸಿನೀರಿನಲ್ಲಿ ಪಿಷ್ಟವನ್ನು ಒಡೆದು, ಮಾಲ್ಟೋಸ್ ಸಕ್ಕರೆಯೇ ಪ್ರಧಾನವಾಗಿರುವ ವರ್ಟ್ ಎಂಬ ಸಿಹಿ ರಸವನ್ನು ಕೊಡುತ್ತವೆ. ಮಾಲ್ಟನ್ನು ಕಾಯಿಸುವಾಗಲೂ ಈ ರಸವನ್ನು ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುವಾಗಲೂ ಆಲ್ಡಿಹೈಡುಗಳು ಹುಟ್ಟುತ್ತವೆ. ಮಾಮೂಲಿ ಬಿಯರಿನಲ್ಲಿ ಯೀಸ್ಟ್ ದಿನಗಟ್ಟಲೆ ಹುದುಗಿಸುತ್ತ ಅವನ್ನು ಅಷ್ಟಾಗಿ ವಾಸನೆಯಿಲ್ಲದ ಬೇರೆ ಬಗೆಯ ಆಲ್ಕೋಹಾಲುಗಳಾಗಿ ಮಾರ್ಪಡಿಸಿಬಿಡುತ್ತದೆ. ಮದ್ಯಸಾರ ಹುಟ್ಟಬಾರದೆಂದು ರಸವನ್ನು ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣಿಸಿ ಹುದುಗನ್ನು ನಡುವೆಯೇ ನಿಲ್ಲಿಸಿದರೆ ಈ ಶುದ್ಧಿಯ ಕೆಲಸವೂ ನಿಲ್ಲುತ್ತದೆ. ಉಂಡವರೇ ಎಲೆ ಎತ್ತುವ ಮನೆಯಲ್ಲಿ ಪಂಕ್ತಿಯನ್ನು ಅರ್ಧಕ್ಕೇ ಎಬ್ಬಿಸಿದರೆ ಎಲೆಗಳು ಇದ್ದಲ್ಲೇ ಉಳಿಯುತ್ತವೆ. ಸಾಲದ್ದಕ್ಕೆ, ಆಲ್ಡಿಹೈಡುಗಳನ್ನು ದ್ರವದಲ್ಲಿ ಹಿಡಿದಿಡಬಲ್ಲ ಎಥೆನಾಲ್ ಇಲ್ಲದ್ದರಿಂದ ಅವು ಇನ್ನಷ್ಟು ಸಲೀಸಾಗಿ ಮೂಗಿಗೆ ಏರುತ್ತವೆ.

ಇನ್ನೊಂದು ದಾರಿ, ಪೂರ್ತಿ ಬಿಯರ್ ಮಾಡಿ ಆಮೇಲೆ ಎಥೆನಾಲನ್ನು ಹೊರಹಾಕುವುದು. ಅದರ ಕುದಿಬಿಂದು ಸುಮಾರು 78 ಡಿಗ್ರಿ ಸೆಲ್ಸಿಯಸ್. ಆ ಶಾಖಕ್ಕೆ ಬಿಯರನ್ನು ಒಡ್ಡಿದರೆ, ಒಲೆಯ ಮೇಲೆ ಮರೆತುಬಿಟ್ಟ ಕಾಫಿ ಡಿಕಾಕ್ಷನ್‌ನ ಗತಿಯೇ ಅದಕ್ಕೂ ಬರುತ್ತದೆ. ಒತ್ತಡ ಇಳಿಸಿದ ಪಾತ್ರೆಯಲ್ಲಿ 40 ಡಿಗ್ರಿಯ ಆಸುಪಾಸಿನಲ್ಲೇ ಎಥೆನಾಲ್ ಹೋಗುತ್ತದಾದರೂ, ಬಾಳೆಹಣ್ಣಿನ ಪರಿಮಳದ ಐಸೊಅಮೈಲ್ ಅಸಿಟೇಟ್‌ನಂಥ ಎಸ್ಟರುಗಳು ಅದರ ಬೆನ್ನಿಗೇ ಹೊರಟುಬಿಡುತ್ತವೆ. ಅವನ್ನು ಹಿಡಿದು ಮತ್ತೆ ಬೆರೆಸುವ ಕಾರ್ಖಾನೆಯ ಬಿಯರು ಚೆನ್ನಾಗಿರುತ್ತದೆ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಮೂರನೆಯ ದಾರಿ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದ ಮೇಲೆ, ಯಾವ ಯೀಸ್ಟ್ ಏನನ್ನು ತಿನ್ನುತ್ತದೆಂದು ಬೇರೆಬೇರೆಯಾಗಿ ನೋಡುವುದು ಸಾಧ್ಯವಾಯಿತು. ಓಕ್ ಮರದ ಸೋರಿಕೆಯಲ್ಲಿ ದೊರೆತ ಸ್ಯಾಕರೊಮೈಕೋಡಿಸ್ ಲುಡ್ವಿಗಿಯೈ ಎಂಬ ಯೀಸ್ಟ್ ಗ್ಲುಕೋಸನ್ನು ತಿನ್ನುತ್ತದೆ, ಮಾಲ್ಟೋಸನ್ನು ತಿನ್ನಲಾರದು. ಮಾಲ್ಟೋಸ್ ಎಂದರೆ ಎರಡು ಗ್ಲುಕೋಸುಗಳನ್ನು ಒಂದೇ ನೊಗಕ್ಕೆ ಕಟ್ಟಿದಂತೆ. ಆ ನೊಗ ಬಿಚ್ಚುವ ಕೈ ಈ ಯೀಸ್ಟಿಗಿಲ್ಲ. ಇಡೀ ಹಲಸಿನ ಹಣ್ಣು ಎದುರಿಗಿದ್ದೂ ಕತ್ತಿಯಿಲ್ಲದೆ, ಯಾರೋ ಬಿಡಿಸಿಟ್ಟ ನಾಲ್ಕು ತೊಳೆಗಳಲ್ಲೇ ತೃಪ್ತಿಪಡುವವನ ಹಾಗೆ, ಅದು ರಸದಲ್ಲಿರುವ ಅಲ್ಪಸ್ವಲ್ಪ ಗ್ಲುಕೋಸನ್ನು ತಿಂದು ಒಂದಿಷ್ಟೇ ಮದ್ಯಸಾರವನ್ನು ಮಾಡುತ್ತದೆ. ಯಾರೂ ಪಂಕ್ತಿಯಿಂದ ಎಬ್ಬಿಸದ ಕಾರಣ ಆಲ್ಡಿಹೈಡುಗಳನ್ನು ತಗ್ಗಿಸಲು ಅದಕ್ಕೆ ಸಮಯವಿರುತ್ತದೆ. ತಿನ್ನದೆ ಉಳಿದ ಮಾಲ್ಟೋಸ್ ಕಬ್ಬಿನ ಸಕ್ಕರೆಗಿಂತ ಬಹಳ ಕಡಿಮೆ ಸಿಹಿಯಾದ್ದರಿಂದ ಬಿಯರು ತುಸು ಸಿಹಿಯಾದರೂ ಪಾನಕವಾಗುವುದಿಲ್ಲ.

ಅಮೆರಿಕದಲ್ಲಿ 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ಬಿಯರಿಗೆ ಹಾಕಿದ ಮದ್ಯಸಾರದ ಮಿತಿ ಶೇಕಡಾ 0.5, ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳೂ ಅದನ್ನು ಮೀರಿದ್ದನ್ನೇ ಮದ್ಯವೆನ್ನುತ್ತವೆ. ಆದ್ದರಿಂದ ಒಂದು ಹನಿಯೂ ಬೇಡವೆನ್ನುವವರು 0.0 ಎಂದು ನಮೂದಿಸಿದ್ದನ್ನೇ ಹುಡುಕಬೇಕು. ಚೀಟಿಯಲ್ಲಿ ಸಕ್ಕರೆ, ಆಮ್ಲ, ಸುವಾಸನೆ ಎಂದಷ್ಟೇ ಇದ್ದರೆ ಅದು ಯೀಸ್ಟಿನ ಮುಖವನ್ನೇ ಕಾಣದ ಸೋಡಾ. ನಮ್ಮ ಅಂಗಡಿಗಳ ಫ್ರಿಜ್ಜುಗಳಲ್ಲಿ ಇಂಥವು ಬೇಕಾದಷ್ಟಿವೆ. ಬಿಸಿಲು ಬೀಳುವ ಬಾಗಿಲ ಪಕ್ಕದಲ್ಲಿಟ್ಟ ಹಸಿರು ಬಾಟಲಿಯನ್ನೂ ನಾನು ಕೊಳ್ಳುವುದಿಲ್ಲ, ಏಕೆಂದರೆ ಹಾಪ್ಸ್‌ನ ಕಹಿ ಬೆಳಕಿಗೆ ಒಡೆದು ನಾರುವ ಗಂಧಕದ ಸಂಯುಕ್ತವಾಗುತ್ತದೆ. ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಗೋಧಿ ಬೆರೆಸಿದ ಬಿಯರುಗಳು ನನಗೆ ಹೆಚ್ಚು ಹಿಡಿಸಿವೆ, ಗೋಧಿಯ ಪ್ರೋಟೀನು ನೊರೆಗೂ ಮೈಕಟ್ಟಿಗೂ ಒದಗುತ್ತದೆ.

ತಂಪಿನಲ್ಲಿ ಆಲ್ಡಿಹೈಡ್ ಅಡಗಿರುತ್ತದೆಂದು ಹೇಳಿದ್ದೇ ತಡ, ಭಾವ ಕಳೆದ ಸಲ ಗೋಧಿ ಬಿಯರಿನ ಎರಡು ಗುಟುಕನ್ನು ಲೋಟದ ತಳದಲ್ಲಿ ಉಳಿಸಿ, ಜಗುಲಿಯ ಮೇಲೆ ಅರ್ಧ ಗಂಟೆ ಇಟ್ಟರು. ಆಮೇಲೆ ಮೂಸಿದರು, ಮತ್ತೊಮ್ಮೆ ಮೂಸಿದರು. ಏನೂ ಹೇಳಲಿಲ್ಲ. ಖಾಲಿ ಬಾಟಲಿಯ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಂಡು, ಒರೆಸಿ, ಜೇಬಿಗಿಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿದರು.