‘ನಂದೇನದ ಬಿಡ್ರಿ’ ಅಂದಾಗ

ಕಲಬುರಗಿ ಕಡೆ ಕುಡಿತ ಬಿಡಲು ಸಮಾಲೋಚನೆಗೆ ಬಂದವರನ್ನು ನಾವು ಸಾಕಷ್ಟು ಕೇಳುತ್ತೇವೆ. ಸೇಂದಿಯೋ ಕ್ವಾರ್ಟರೋ, ಎಷ್ಟು ವರ್ಷದಿಂದ, ಸಾಲ ಎಷ್ಟು. ಒಂದು ಪ್ರಶ್ನೆ ಮಾತ್ರ ಗಂಟಲಲ್ಲೇ ಉಳಿಯುತ್ತದೆ: ‘ಸಾಯಬೇಕು ಅನ್ನಿಸ್ತದೇನ್ರಿ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ. ಹಾಗೇನೂ ಆಗುವುದಿಲ್ಲ. ಇದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಕುಡಿದಾಗ ಮಿದುಳಿನ ಮುಂಭಾಗದ ಹಿಡಿತ ಸಡಿಲವಾಗುತ್ತದೆ. ಇವತ್ತಿನ ಅವಮಾನ ದೊಡ್ಡದಾಗಿ ಕಾಣುತ್ತದೆ, ನಾಳೆ ಕಾಣುವುದೇ ಇಲ್ಲ. ಇಷ್ಟು ಎಲ್ಲರೂ ಊಹಿಸಬಲ್ಲರು. ಜನ ಮರೆಯುವುದು ಬಿಟ್ಟ ನಂತರದ ದಿನಗಳನ್ನು. ವರ್ಷಗಟ್ಟಲೆ ಮದ್ಯದ ಮಂಕಿಗೆ ಹೊಂದಿಕೊಂಡ ಮಿದುಳು, ಅದು ನಿಂತ ಕೂಡಲೇ ವಿಪರೀತ ಕೆರಳುತ್ತದೆ. ನಿದ್ದೆ ಇಲ್ಲ, ಕೈ ನಡುಕ, ಎದೆಯಲ್ಲಿ ಪುಕುಪುಕು. ಸೇಂದಿಗೆ ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ಬರಿಸುವ ಪುಡಿ) ಅಥವಾ ನಿದ್ದೆ ಮಾತ್ರೆ ಬೆರೆತಿದ್ದರೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ‘ಬರೀ ಸೇಂದಿ ಕುಡೀತಾನ್ರಿ’ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮನೆಯವರು ‘ಬಿಟ್ಟಾನ, ಇನ್ನ ಚಿಂತಿಲ್ಲ’ ಅನ್ನುವ ಹೊತ್ತಿಗೇ ಅವನಿಗೆ ಕಳೆದುಕೊಂಡದ್ದೆಲ್ಲ ನಿಚ್ಚಳವಾಗಿ ಕಾಣತೊಡಗಿರುತ್ತದೆ. ತಿಂಗಳು ಬಿಟ್ಟು ಮತ್ತೆ ಒಂದು ದಿನ ಕುಡಿದರೆ ನಾಚಿಕೆ ಇನ್ನೂ ಜಾಸ್ತಿ.

‘ನಾ ಇದ್ದರೇನು, ಸತ್ತರೇನು.’ ‘ನಂದೇನದ ಬಿಡ್ರಿ.’ ಇವು ನಮ್ಮಲ್ಲಿ ಸುಮ್ನೆ ಆಡುವ ಮಾತುಗಳೂ ಹೌದು, ಅಲ್ವಾ? ಅದಕ್ಕೇ ತಪ್ಪಿಹೋಗುತ್ತವೆ. ಹೆಂಡತಿ ತವರಿಗೆ ಹೋಗಿರುವುದು, ಹೊಲ ಮಕ್ಕಳಿಗೆ ಒಪ್ಪಿಸುವ ಮಾತು, ತಳಮಳದ ಮನುಷ್ಯ ಏಕಾಏಕಿ ಶಾಂತನಾಗುವುದು, ಇವುಗಳ ಜೊತೆ ಆ ಮಾತು ಬಂದರೆ ನೇರವಾಗಿ ಕೇಳಬೇಕು. ಹಿಂದೆ ಒಮ್ಮೆ ಸಾಯಲು ಪ್ರಯತ್ನಿಸಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ಸೂಚನೆ. ಪೊಲೀಸ್ ಕೇಸಿನ ಭಯಕ್ಕೆ ಅದನ್ನು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡುತ್ತದೆ, ಶಿಕ್ಷೆಯಲ್ಲ, ಆರೈಕೆ ಕೊಡಬೇಕು ಅನ್ನುತ್ತದೆ. ಇದನ್ನು ಮೊದಲೇ ಹೇಳಿದರೆ ಬಾಯಿ ಬಿಡುತ್ತಾರೆ.

‘ಹೌದ್ರಿ’ ಅಂದರೆ ಬುದ್ಧಿವಾದ ಬೇಡ. ಬರೀ ಯೋಚನೆಯೋ, ದಾರಿಯನ್ನೂ ನೋಡಿಕೊಂಡಿದ್ದಾರೋ ಕೇಳಿ. ತೊಗರಿ ಬೆಳೆಯುವ ಸೀಮೆ ಇದು, ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದೇ ಇರುತ್ತದೆ. ಕುಡಿಯುವುದಕ್ಕೂ ಎಣ್ಣಿ, ಹೊಡೆಯುವುದಕ್ಕೂ ಎಣ್ಣಿ ಅನ್ನುತ್ತೇವೆ, ವಿಚಿತ್ರ. ಬೆಳೆಗೆ ಹೊಡೆಯುವ ಆ ಔಷಧಿಯನ್ನು ಬೇರೆಯವರ ಮನೆಯಲ್ಲಿ ಬೀಗ ಹಾಕಿ ಇಡಿಸಿ. ಸಾಯುವ ತುಡಿತದ ಉಬ್ಬರ ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆ ಹೊತ್ತು ದಾಟಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಆದರೆ ದಾರಿ ನೋಡಿಕೊಂಡಿದ್ದರೆ ‘ಮುಂದಿನ ವಾರ ಬರ್ರಿ’ ಎಂದು ಚೀಟಿ ಕೊಟ್ಟು ಕಳಿಸಬೇಡಿ. ಒಬ್ಬರನ್ನು ಜೊತೆ ಮಾಡಿ ಅವತ್ತೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿ.