ಐರನ್ ಹಾಕುತ್ತಿದ್ದೇನೆ, ಆದರೂ ಮ್ಯಾಕ್ರಾಂಡ್ರಾ ಯಾಕೆ ಕೆಂಪಾಗುತ್ತಿಲ್ಲ?

ಮುಂಬೈನ ಕನ್ನಡಿಗರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಕುರ್ಲಾ ಮಾರ್ಕೆಟ್‌ನಿಂದ ರೋಟಾಲಾ ಮ್ಯಾಕ್ರಾಂಡ್ರಾ ತರುತ್ತಾರೆ, ಮೀನಿನ ಟ್ಯಾಂಕ್‌ನಲ್ಲಿ ಬೆಳೆಸುವ ಕೆಂಪು ಎಲೆಯ ಗಿಡ ಇದು. ಸ್ವಲ್ಪ ದಿನಕ್ಕೆ ಬಣ್ಣ ಮಂಕು, ಕೆಳಗಿನ ಎಲೆಗಳು ಕರಗಿ ಲೋಳೆ. ಕೂಡಲೇ ಐರನ್ ಬಾಟಲಿ, ಅಂದರೆ ನೀರಿಗೆ ಹಾಕುವ ಕಬ್ಬಿಣದ ದ್ರವ ಗೊಬ್ಬರ, ಕೈಗೆ ಬರುತ್ತದೆ, ಡೋಸ್ ಡಬಲ್ ಆಗುತ್ತದೆ.

ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ಐರನ್ ಅಂದರೆ ಕೆಂಪು ಬಣ್ಣವಲ್ಲ. ಎಲೆಗೆ ಆ ಕೆಂಪು ಕೊಡುವುದು ಆಂಥೋಸಯನಿನ್ ಎಂಬ ಬಣ್ಣದ ವಸ್ತು. ಅದರಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ. ಕಬ್ಬಿಣ ಇಲ್ಲವೇ ಇಲ್ಲ. ಗಿಡಕ್ಕೆ ಕಬ್ಬಿಣ ಬೇಕಾಗುವುದು ಹಸಿರು ತಯಾರಿಸಲು! ಅದು ಕಡಿಮೆಯಾದರೆ ಹೊಸ ಚಿಗುರು ಬಿಳಚಿಕೊಳ್ಳುತ್ತದೆ. ನಿಮ್ಮ ಚಿಗುರು ಬಿಳಚಿಲ್ಲ ಅಂದರೆ ಐರನ್ ಸಾಕಷ್ಟಿದೆ. ಇನ್ನೂ ಸುರಿದರೆ ದುಡ್ಡು ದಂಡ.

"ನನಗೆ ಐರನ್ ಹಾಕಿದ ಮೇಲೇ ಕೆಂಪಾಯಿತು" ಅನ್ನುವವರಿದ್ದಾರೆ. ಅವರನ್ನು ವಿಚಾರಿಸಿ ನೋಡಿ. ಅದೇ ವಾರ ಅರ್ಧ ಟ್ಯಾಂಕ್ ನೀರು ಬದಲಿಸಿರುತ್ತಾರೆ, ಇಲ್ಲವೇ ಹೊಸ ಲೈಟ್ ಹಾಕಿರುತ್ತಾರೆ. ನೀರು ಬದಲಿಸಿದಾಗ ನೈಟ್ರೇಟ್, ಅಂದರೆ ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರುವ ಸಾರಜನಕದ ಲವಣ, ಇಳಿಯುತ್ತದೆ. ಬೆಳಕು ಜಾಸ್ತಿ, ನೈಟ್ರೇಟ್ ಕಡಿಮೆ ಆದಾಗ ಎಲೆ ಆಂಥೋಸಯನಿನ್ ತುಂಬಿಕೊಳ್ಳುತ್ತದೆ. ಹೆಸರು ಮಾತ್ರ ಬಾಟಲಿಗೆ! ಮೀನು ಕಿಕ್ಕಿರಿದ ಟ್ಯಾಂಕ್‌ನಲ್ಲಿ ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಪಾಲು) ಇಟ್ಟುಕೊಂಡು ಕಡುಗೆಂಪು ಕೇಳಬೇಡಿ. 5ರಿಂದ 10 ಸಾಕು. ಹಾಗಂತ ಸೊನ್ನೆಗೆ ಇಳಿಸಿದರೆ ತುದಿ ಮುರುಟಿಕೊಳ್ಳುತ್ತದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ಸಿಲಿಂಡರ್‌ನಿಂದ ನೀರಿಗೆ ಬಿಡುವ ಸಿಒ2 (ಇಂಗಾಲದ ಡೈಆಕ್ಸೈಡ್) ಬೇಕೇ ಬೇಕು. ಲೈಟ್ ಹತ್ತುವ ಒಂದು ಗಂಟೆ ಮೊದಲೇ ಶುರು ಮಾಡಿ, ಡ್ರಾಪ್ ಚೆಕರ್ (ನೀರಿನ ಸಿಒ2 ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಪುಟ್ಟ ಸಾಧನ) ತಿಳಿ ಹಸಿರಿರಲಿ. ನೀರು ಮೆದುವಾಗಿರಬೇಕು. ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳಿಂದ ಬರುವ ನಲ್ಲಿ ನೀರು ಒಳ್ಳೆಯದೇ, ಆದರೆ ನಿಮ್ಮ ಬಿಲ್ಡಿಂಗ್‌ನವರು ಅದಕ್ಕೆ ಟ್ಯಾಂಕರ್ ನೀರು ಬೆರೆಸುತ್ತಾರಾ ಅಂತ ವಾಚ್‌ಮನ್‌ನನ್ನು ಕೇಳಿ. ಬೋರ್‌ವೆಲ್ ನೀರಾದರೆ ಕೆಎಚ್ (ಕಾರ್ಬೊನೇಟ್ ಗಡಸುತನ) ಏರಿರುತ್ತದೆ. ಮೇ ತಿಂಗಳಲ್ಲಿ ನೀರು 30 ಡಿಗ್ರಿ ದಾಟಿದರೆ ಮೇಲ್ಮೈಗೆ ಸಣ್ಣ ಫ್ಯಾನ್ ಇಡಿ. ಬಿಸಿ ನೀರಿನಲ್ಲಿ ಸಿಒ2 ಕರಗುವುದೂ ಕಡಿಮೆ.

ಇಷ್ಟೆಲ್ಲ ಉಪಚಾರ ಕೇಳುವ ಗಿಡ ಕಾಡಿನಲ್ಲಿ ಸಿಲಿಂಡರ್ ಇಲ್ಲದೆ ಹೇಗೆ ಬದುಕುತ್ತದೆ ಅಂತ ಯಾರೂ ಕೇಳಿಲ್ಲ. ಕೇಳಬೇಕಿತ್ತು. ಇದು ನಮ್ಮದೇ ದಕ್ಷಿಣ ಭಾರತದ ಗಿಡ, ಕರ್ನಾಟಕ-ಕೇರಳದ ಜೌಗು ನೆಲದ್ದು. ನೀರು ಇಳಿದಾಗ ತಲೆ ಮೇಲೆತ್ತಿ ಗಾಳಿಯಿಂದಲೇ ಸಿಒ2 ಪಡೆಯುತ್ತದೆ, ಹೂ ಬಿಡುವುದೂ ಅಲ್ಲೇ. ಸಿಒ2 ನೀರಿನಲ್ಲಿ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಗಿಡವನ್ನು ಸದಾ ಮುಳುಗಿಸಿಡುವವರು ನಾವು, ಹಾಗಾಗಿ ಕೊರತೆ ತುಂಬುವ ಜವಾಬ್ದಾರಿಯೂ ನಮ್ಮದೇ, ಅಲ್ವಾ?

ಜುಲೈ ಮಳೆಯಲ್ಲಿ ಒಂದೆರಡು ತುಂಡನ್ನು ಬಾಲ್ಕನಿಯ ಕುಂಡದಲ್ಲಿ, ಒದ್ದೆ ಮಣ್ಣಿನಲ್ಲಿ ನೆಡಿ. ಎಲೆ ಹಸಿರಾಗಿ, ಗಟ್ಟಿಯಾಗಿ ಬರುತ್ತದೆ. ಅದು ಸಹಜ. ಟ್ಯಾಂಕ್‌ಗೆ ಮರಳಿ ಹಾಕುವಾಗ ತುದಿಯ ನಾಲ್ಕು ಇಂಚು ಮಾತ್ರ ತೆಗೆದುಕೊಳ್ಳಿ. ಕಾಂಡವನ್ನು ಚಿಮಟದಲ್ಲಿ ಹಿಂಡಬೇಡಿ, ನಜ್ಜಾದ ಜಾಗದಿಂದಲೇ ಕೊಳೆಯಲು ಶುರುವಾಗುತ್ತದೆ.